ಗುಳ್ಳೆ ನಿಂತರೆ ಬಿಯರ್ ಆಯಿತಾ? ಕೊಡಗಿನ ಚಳಿಯಲ್ಲಿ ಹುದುಗು ಅಳೆಯುವ ದಾರಿಗಳು

ಬಾಟಲಿಗೆ ತುಂಬಬಹುದಾ, ಇನ್ನೂ ಕಾಯಬೇಕಾ? ಮನೆಯಲ್ಲಿ ಬಿಯರ್ ಮಾಡಲು ಶುರು ಮಾಡಿದವರು ನನ್ನನ್ನು ಜಾಸ್ತಿ ಕೇಳುವುದು ಇದನ್ನೇ. ಒಬ್ಬರ ಏರ್‌ಲಾಕ್‌ನಲ್ಲಿ (ಒಳಗಿನ ಅನಿಲವನ್ನು ನೀರಿನ ಮೂಲಕ ಹೊರಗೆ ಬಿಟ್ಟು, ಹೊರಗಿನ ಗಾಳಿಯನ್ನು ತಡೆಯುವ ಮುಚ್ಚಳದ ಕೊಳವೆ) ಗುಳ್ಳೆ ನಿಂತಿದೆ. ಇನ್ನೊಬ್ಬರಿಗೆ ಕಿಟ್ ಮೇಲೆ ಬರೆದ 14 ದಿನ ಮುಗಿದಿದೆ. ಹೈಡ್ರೋಮೀಟರ್ ತರಿಸಬೇಕಾ, ರಿಫ್ರ್ಯಾಕ್ಟೋಮೀಟರ್ ಒಳ್ಳೆಯದಾ, ಫೋನಿಗೇ ಲೆಕ್ಕ ಕಳಿಸುವ ದುಬಾರಿ ಸಾಧನ ಬೇಕಾ, ಅಥವಾ ಸುಮ್ನೆ ಇನ್ನೊಂದು ವಾರ ಬಿಟ್ಟರೆ ಸಾಕಾ ಎಂದು ಗೊಂದಲ.

ನಮ್ಮ ಉಗ್ರಾಣದ ಬಾಗಿಲಿನ ಒಳಬದಿಯಲ್ಲಿ ಒಂದು ಗಾಜಿನ ಚೂರು ಇನ್ನೂ ಇದೆ. ಕಿರುಬೆರಳಿನ ಉಗುರಿನಷ್ಟು. ಹಲಸಿನ ಹಲಗೆಯೊಳಗೆ ಎಷ್ಟು ಆಳ ಹೊಕ್ಕಿದೆ ಅಂದರೆ ಚಾಕುವಿನ ತುದಿಯಿಂದ ಕಿತ್ತರೂ ಬರಲಿಲ್ಲ. ಜನವರಿಯಲ್ಲಿ ತುಂಬಿದ ಬಿಯರ್ ಅದು. ಐದು ದಿನ ಒಂದು ಗುಳ್ಳೆಯೂ ಬಂದಿರಲಿಲ್ಲ, ಮುಗಿಯಿತು ಅಂದುಕೊಂಡು ಬಾಟಲಿಗೆ ತುಂಬಿದೆ. ಮಾರ್ಚ್ ಕೊನೆಯಲ್ಲಿ, ಹೂಮಳೆ ಬಿದ್ದು ತೋಟವೆಲ್ಲ ಕಾಫಿ ಹೂವಿನ ಘಮ ತುಂಬಿದ್ದಾಗ, ಒಂದು ಮಧ್ಯಾಹ್ನ ಮೂರು ಬಾಟಲಿಗಳು ಒಂದರ ಹಿಂದೆ ಒಂದು ಒಡೆದವು. ಅದಕ್ಕೆ ಅರ್ಧ ಗಂಟೆ ಮೊದಲು ಅಮ್ಮ ಅದೇ ಉಗ್ರಾಣದಿಂದ ಅಕ್ಕಿ ಅಳೆದುಕೊಂಡು ಬಂದಿದ್ದರು. ಆ ದಿನದಿಂದ ಅಳೆಯದೆ ಒಂದು ಬಾಟಲಿಗೂ ಮುಚ್ಚಳ ಹಾಕಿಲ್ಲ.

ಆದದ್ದು ಇಷ್ಟೆ. ಡಿಸೆಂಬರ್, ಜನವರಿಯಲ್ಲಿ ನಮ್ಮ ಕಡೆ ರಾತ್ರಿ ತಾಪ 12, 13 ಡಿಗ್ರಿಗೆ ಇಳಿಯುತ್ತದೆ. ಏಲ್ ಎಂಬ ಬಗೆಯ ಬಿಯರ್‌ನ ಯೀಸ್ಟ್‌ಗೆ, ಅಂದರೆ ಸಕ್ಕರೆ ತಿಂದು ಹುದುಗು ಬರಿಸುವ ಜೀವಿಗೆ, ಹಿತವಾಗುವುದು 18ರಿಂದ 22 ಡಿಗ್ರಿ. ಚಳಿ ಹಿಡಿದಾಗ ಅದು ಸಾಯುವುದಿಲ್ಲ, ತಳಕ್ಕೆ ಇಳಿದು ಮಲಗುತ್ತದೆ. ಬಿಯರ್‌ನಲ್ಲಿ ಸಕ್ಕರೆ ಹಾಗೇ ಉಳಿದಿರುತ್ತದೆ. ಬಿಸಿಲು ಏರಿದಾಗ ಯೀಸ್ಟ್ ಎದ್ದು ಉಳಿದ ಕೆಲಸ ಮುಗಿಸುತ್ತದೆ. ಅಷ್ಟು ಹೊತ್ತಿಗೆ ನಾವು ಮುಚ್ಚಳ ಬಿಗಿದಿರುತ್ತೇವೆ. ಕೊಡಗಿನಲ್ಲಿ ಬಿಯರ್ ಮಾಡುವವರು ಮೊದಲು ತಿಳಿಯಬೇಕಾದದ್ದು ಇದು: ಹುದುಗು ನಿಲ್ಲುವುದು ಬೇರೆ, ಮುಗಿಯುವುದು ಬೇರೆ.

ಕಣದಲ್ಲಿ ಕಾಫಿ ಒಣಗಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೇಲೆ ನೋಡಲು ಒಣಗಿದಂತೆ ಕಂಡಿತು ಅಂತ ಯಾರೂ ಚೀಲಕ್ಕೆ ತುಂಬುವುದಿಲ್ಲ. ಒಂದೇ ಡಬ್ಬದಲ್ಲಿ ಅಳೆದು ತೂಗುತ್ತೇವೆ. ನಿನ್ನೆಯ ತೂಕ ಇವತ್ತೂ ಅಷ್ಟೇ ಇದ್ದರೆ ಒಣಗಿತು. ಬಿಯರ್‌ನದ್ದೂ ಅದೇ ಲೆಕ್ಕ. ಒಂದು ಸಲದ ಅಳತೆಯಿಂದ ಏನೂ ತಿಳಿಯುವುದಿಲ್ಲ, ಎರಡು ಅಳತೆ ಒಂದೇ ಬರಬೇಕು. ಜೊತೆಗೆ ಅದು ಬರಬೇಕಾದ ಜಾಗಕ್ಕೇ ಬಂದು ನಿಂತಿರಬೇಕು.

ಯಾವುದರ ಮೇಲೆ ತೂಗಿ ನೋಡುವುದು

ದಾರಿಗಳನ್ನು ಹೋಲಿಸುವ ಮೊದಲು ನಿಮ್ಮ ಅಗತ್ಯ ಯಾವುದು ಅಂತ ಗೊತ್ತಿರಲಿ. ನಾನು ನೋಡುವುದು ನಾಲ್ಕು ವಿಷಯ. ಮೊದಲನೆಯದು ನಂಬಿಕೆ: ಈ ದಾರಿ ನಿಂತದ್ದಕ್ಕೂ ಮುಗಿದದ್ದಕ್ಕೂ ವ್ಯತ್ಯಾಸ ಹೇಳುತ್ತದಾ? ಇದು ಉಳಿದ ಮೂರಕ್ಕಿಂತ ದೊಡ್ಡದು. ಆಮೇಲೆ, ಅಳೆಯಲು ಎಷ್ಟು ಬಿಯರ್ ಕಳೆದುಕೊಳ್ಳುತ್ತೀರಿ. 20 ಲೀಟರ್ ಕ್ಯಾನ್‌ನಿಂದ ಒಂದು ಲೋಟ ತೆಗೆದರೆ ಗೊತ್ತೇ ಆಗುವುದಿಲ್ಲ, 5 ಲೀಟರ್‌ನಿಂದ ಮೂರು ಸಲ ತೆಗೆದರೆ ಗೊತ್ತಾಗುತ್ತದೆ. ಮುಚ್ಚಳ ತೆಗೆದಷ್ಟೂ ಸಲ ಗಾಳಿ, ಕೊಳೆ ಒಳಗೆ ಹೋಗುವ ಭಯವೂ ಇದೆ. ಮೂರನೆಯದು ಖರ್ಚು. ಕೊನೆಯದು ನಮ್ಮ ಊರಿನ ಪಾಡು: ಚಳಿ, ಜುಲೈ ತಿಂಗಳ ಮಳೆ, ಕರೆಂಟ್ ಹೋಗುವುದು, ಫೋನಿಗೆ ಸಿಗ್ನಲ್ ಇಲ್ಲದಿರುವುದು.

ದಿನ ಎಣಿಸುವುದು, ಗುಳ್ಳೆ ನೋಡುವುದು

ಎರಡಕ್ಕೂ ಖರ್ಚಿಲ್ಲ. ಎರಡನ್ನೂ ನಂಬಲಾಗದು.

ಕಿಟ್ ಮೇಲೆ 14 ದಿನ ಎಂದು ಬರೆದವರು 20 ಡಿಗ್ರಿಯ ಕೋಣೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆದಿರುತ್ತಾರೆ. ಕುಶಾಲನಗರದಲ್ಲಿ ಏಪ್ರಿಲ್‌ನಲ್ಲಿ ಅದೇ ಬಿಯರ್ ವಾರದೊಳಗೆ ಮುಗಿಯಬಹುದು. ಮಡಿಕೇರಿಯಲ್ಲಿ ಆಟಿ ಮಳೆಯ ಹೊತ್ತಿಗೆ ಮೂರು ವಾರವೂ ಸಾಲದಿರಬಹುದು. ದಿನದ ಲೆಕ್ಕ ಇರುವುದು ಮೊದಲ ಅಳತೆ ಯಾವತ್ತು ಮಾಡಬೇಕು ಎಂದು ತಿಳಿಯಲು ಮಾತ್ರ.

ಗುಳ್ಳೆ ಇನ್ನೂ ಮೋಸ ಮಾಡುತ್ತದೆ. ಮುಚ್ಚಳದ ರಬ್ಬರ್ ಸರಿಯಾಗಿ ಕೂರದಿದ್ದರೆ ಅನಿಲ ಅಲ್ಲಿಂದಲೇ ಹೋಗುತ್ತದೆ. ಏರ್‌ಲಾಕ್ ಸುಮ್ಮನಿರುತ್ತದೆ, ಒಳಗೆ ಹುದುಗು ಜೋರಾಗಿರುತ್ತದೆ. ಇದರ ಉಲ್ಟಾ ಕೂಡ ಆಗುತ್ತದೆ. ಮುಗಿದ ಬಿಯರ್‌ಗೆ ಬೆಳಿಗ್ಗೆ ಬಿಸಿಲು ತಾಗಿದರೆ ಅದರಲ್ಲಿ ಕರಗಿದ್ದ ಅನಿಲ ಹೊರಗೆ ಬರುತ್ತದೆ, ಗುಳ್ಳೆ ಮತ್ತೆ ಶುರುವಾಗುತ್ತದೆ. ದೋಸೆ ಹಿಟ್ಟು ಉಬ್ಬಿದ್ದನ್ನು ನೋಡಿ ಹುಳಿ ಬಂತು ಅಂತ ಹೇಳುವ ಕಣ್ಣು ಇಲ್ಲಿ ಸಾಲದು. ಹಿಟ್ಟಿನಲ್ಲಿ ನಮಗೆ ಬೇಕಿರುವುದು ಶುರುವಾಗಿದೆಯಾ ಅಂತ, ಬಿಯರ್‌ನಲ್ಲಿ ಮುಗಿದಿದೆಯಾ ಅಂತ.

ನೊರೆಯೂ ಹಾಗೆಯೇ. ಮೇಲಿನ ದಪ್ಪ ನೊರೆ ಕುಸಿದು ಅಂಚಿನಲ್ಲಿ ಕಂದು ಬಳೆ ಉಳಿದರೆ ಜೋರಿನ ಹಂತ ಮುಗಿದಿದೆ ಎಂದರ್ಥ. ಅಷ್ಟೇ.

ರುಚಿ ಮತ್ತು ತಿಳಿ

ಸಿಹಿ ಹೋಗಿದೆಯಾ ಅಂತ ನಾಲಿಗೆ ಹೇಳುತ್ತದೆ, ಆದರೆ ಒರಟಾಗಿ. ಬಿಯರ್‌ಗೆ ಹಾಕುವ ಹಾಪ್ಸ್ ಎಂಬ ಹೂವಿನ ಕಹಿ ಜಾಸ್ತಿ ಇದ್ದರೆ ಉಳಿದ ಸಿಹಿ ಅದರ ಹಿಂದೆ ಅಡಗುತ್ತದೆ. ಬಿಯರ್ ತಿಳಿಯಾಗಿದೆ ಎಂಬುದೂ ಗುರುತಲ್ಲ. ಚಳಿಗೆ ಯೀಸ್ಟ್ ತಳ ಸೇರಿದರೆ ಅರ್ಧ ಹುದುಗಿದ ಬಿಯರ್ ಕೂಡ ತಿಳಿಯಾಗಿ ಕಾಣುತ್ತದೆ. ನಮ್ಮ ಮನೆಯಲ್ಲಿ ಒಡೆದದ್ದು ಅಂಥದ್ದೇ.

ಆದರೆ ಒಂದು ಕೆಲಸವನ್ನು ಮೂಗು ಮಾತ್ರ ಮಾಡಬಲ್ಲದು. ಸಕ್ಕರೆ ಮುಗಿದ ಮೇಲೂ ಯೀಸ್ಟ್‌ಗೆ ಸ್ವಲ್ಪ ಕೆಲಸ ಇರುತ್ತದೆ. ಹುದುಗುವಾಗ ತಾನೇ ಬಿಟ್ಟ ಡಯಾಸಿಟೈಲ್ ಎಂಬ ಬೆಣ್ಣೆ ವಾಸನೆಯ ವಸ್ತುವನ್ನು ಅದು ವಾಪಸ್ ತಿನ್ನಬೇಕು. ಇದು ಯಾವ ಮೀಟರ್‌ನಲ್ಲೂ ಕಾಣುವುದಿಲ್ಲ. ಎರಡು ಲೋಟಗಳಲ್ಲಿ ಸ್ವಲ್ಪ ಸ್ವಲ್ಪ ಬಿಯರ್ ತೆಗೆದುಕೊಳ್ಳಿ. ಒಂದನ್ನು ಮುಚ್ಚಿ, ಕೈ ಸುಡುವಷ್ಟು ಬಿಸಿ ನೀರಿನ ಪಾತ್ರೆಯಲ್ಲಿ 20 ನಿಮಿಷ ಇಡಿ. ಆಮೇಲೆ ಆರಿಸಿ ಎರಡನ್ನೂ ಮೂಸಿ. ಬಿಸಿ ಮಾಡಿದ್ದರಲ್ಲಿ ಬೆಣ್ಣೆಯ ಅಥವಾ ಬೆಣ್ಣೆ ಹಾಕಿದ ಪಾಪ್‌ಕಾರ್ನ್‌ನ ವಾಸನೆ ಬಂದರೆ ಇನ್ನೂ ಎರಡು ಮೂರು ದಿನ ಬೆಚ್ಚಗೆ ಬಿಡಿ. ಹಸಿ ಸೇಬಿನ ವಾಸನೆ ಬಂದರೂ ಹಾಗೆಯೇ ಮಾಡಿ.

ಹೈಡ್ರೋಮೀಟರ್

ನಿಮ್ಮ ಕ್ಯಾನ್ 10 ಲೀಟರ್‌ಗಿಂತ ದೊಡ್ಡದಿದ್ದರೆ ಮುಂದೆ ಓದುವ ಮೊದಲೇ ಹೇಳುತ್ತೇನೆ, ಇದನ್ನೇ ತೆಗೆದುಕೊಳ್ಳಿ. 500ರಿಂದ 1,000 ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ. ತಳದಲ್ಲಿ ಭಾರ, ಮೇಲೆ ಗೆರೆಗಳಿರುವ ಸಣ್ಣ ಕತ್ತು, ಅಷ್ಟೇ ಇರುವ ಗಾಜಿನ ಕೊಳವೆ. ಸಕ್ಕರೆ ಜಾಸ್ತಿ ಇದ್ದರೆ ಮೇಲೆ ತೇಲುತ್ತದೆ, ಸಕ್ಕರೆ ಆಲ್ಕೋಹಾಲ್ ಆಗುತ್ತಾ ಹೋದಂತೆ ಮುಳುಗುತ್ತದೆ. ಈ ಓದಿಗೆ ಗ್ರ್ಯಾವಿಟಿ ಎನ್ನುತ್ತಾರೆ, ನೀರಿಗೆ ಹೋಲಿಸಿದ ಸಾಂದ್ರತೆ ಅದು. ಬರಿ ನೀರು 1.000. ಯೀಸ್ಟ್ ಹಾಕುವ ಮೊದಲು ಸಾಧಾರಣ ಏಲ್ 1.048ರ ಹತ್ತಿರ ಇರುತ್ತದೆ. ಮುಗಿದಾಗ 1.010ರಿಂದ 1.012. ಅಂದರೆ ಚುಕ್ಕಿಯ ನಂತರದ ಅಂಕೆ ಹೆಚ್ಚುಕಡಿಮೆ ಕಾಲು ಭಾಗಕ್ಕೆ ಇಳಿಯಬೇಕು. ಮೊದಲಿನ ಅಳತೆಯಿಂದ ಕೊನೆಯದನ್ನು ಕಳೆದು 131ರಿಂದ ಗುಣಿಸಿದರೆ ಆಲ್ಕೋಹಾಲ್ ಶೇಕಡಾವಾರು ಸಿಗುತ್ತದೆ. 1.048ರಿಂದ 1.011ಕ್ಕೆ ಇಳಿದರೆ ಸುಮಾರು ಶೇ. 4.8.

ಹಾಲಿನ ಡೈರಿಯಲ್ಲಿ ಬಳಸುವ ಲ್ಯಾಕ್ಟೋಮೀಟರ್ ಸಾಕಾಗುವುದಿಲ್ಲವಾ ಅಂತ ಕೇಳುತ್ತಾರೆ. ಕೆಲಸದ ರೀತಿ ಒಂದೇ, ಆದರೆ ಅದರ ಗೆರೆಗಳು ಹಾಲಿಗೆ ಹೊಂದುವಂತೆ ಹಾಕಿದವು. ಬಿಯರ್‌ನ ಮೊದಲ ಅಳತೆಗೂ, ನೀರಿಗಿಂತ ಹಗುರವಾಗುವ ವೈನ್‌ಗೂ ಅದು ಆಗಿಬರುವುದಿಲ್ಲ.

ಅಳೆಯುವಾಗ ಎಲ್ಲರೂ ತಪ್ಪುವುದು ಅನಿಲದಲ್ಲಿ. ಬಿಯರ್‌ನ ಸಣ್ಣ ಗುಳ್ಳೆಗಳು ಹೈಡ್ರೋಮೀಟರ್‌ಗೆ ಅಂಟಿ ಅದನ್ನು ಮೇಲಕ್ಕೆ ಎತ್ತುತ್ತವೆ. ಓದು ಜಾಸ್ತಿ ಬರುತ್ತದೆ. ಕಾಫಿ ಆರಿಸುವ ಹಾಗೆ ಎರಡು ಲೋಟಗಳ ನಡುವೆ ಎಂಟು ಹತ್ತು ಸಲ ಎತ್ತಿ ಸುರಿಯಿರಿ. ನೊರೆ ಇಳಿಯಲು ಬಿಡಿ. ಆಮೇಲೆ ಉದ್ದನೆಯ ಅಳತೆ ಜಾರ್‌ಗೆ ಹಾಕಿ, ಹೈಡ್ರೋಮೀಟರ್ ಬಿಟ್ಟು, ಬೆರಳಲ್ಲಿ ಒಮ್ಮೆ ತಿರುಗಿಸಿ. ಅದು ನಿಂತ ಮೇಲೆ ಕಣ್ಣನ್ನು ಬಿಯರ್‌ನ ಮಟ್ಟಕ್ಕೆ ತಂದು ಓದಿ. ಗಾಜಿನ ಹತ್ತಿರ ಬಿಯರ್ ಸ್ವಲ್ಪ ಮೇಲೆ ಹತ್ತಿರುತ್ತದೆ, ಅದನ್ನು ಬಿಟ್ಟು ಸಮತಟ್ಟಾದ ಮಟ್ಟವನ್ನು ನೋಡಿ. ಬಹಳಷ್ಟು ಹೈಡ್ರೋಮೀಟರ್‌ಗಳನ್ನು 20 ಡಿಗ್ರಿಗೆ ಹೊಂದಿಸಿರುತ್ತಾರೆ. ಬಿಯರ್ 25 ಡಿಗ್ರಿ ಇದ್ದರೆ ಓದಿಗೆ 0.001 ಸೇರಿಸಿ, 30 ಇದ್ದರೆ 0.002ಕ್ಕಿಂತ ಸ್ವಲ್ಪ ಜಾಸ್ತಿ. ಹೊಸದನ್ನು ತಂದ ದಿನ ನೀರಿನಲ್ಲಿ ಬಿಟ್ಟು 1.000 ತೋರಿಸುತ್ತದಾ ನೋಡಿಕೊಳ್ಳಿ. ನನ್ನದು 1.002 ತೋರಿಸುತ್ತದೆ. ಪ್ರತಿ ಸಲ 0.002 ಕಳೆದು ಬರೆಯುತ್ತೇನೆ.

ಕೊರತೆ ಎರಡು. ಒಂದೊಂದು ಸಲಕ್ಕೂ 100 ಮಿಲಿಲೀಟರ್ ಅಥವಾ ಅದಕ್ಕಿಂತ ಜಾಸ್ತಿ ಬಿಯರ್ ಹೋಗುತ್ತದೆ. ತೆಗೆದದ್ದನ್ನು ವಾಪಸ್ ಸುರಿಯಬೇಡಿ, ರುಚಿ ನೋಡಿ. ಎರಡನೆಯದು, ಗಾಜು. ಬಚ್ಚಲಿನ ಕಲ್ಲಿನ ಮೇಲೆ ತೊಳೆಯಲು ಹೋದರೆ ಒಡೆಯುವುದು ಖಂಡಿತ.

ರಿಫ್ರ್ಯಾಕ್ಟೋಮೀಟರ್

ಬೆಳಕು ಎಷ್ಟು ಬಾಗುತ್ತದೆ ಎಂಬುದರಿಂದ ಸಕ್ಕರೆ ಅಳೆಯುವ ಸಾಧನ ಇದು. ಎರಡು ಹನಿ ಸಾಕು, ಬೆಳಕಿಗೆ ಹಿಡಿದು ಕಣ್ಣಿಟ್ಟು ನೋಡಿದರೆ ಆಯಿತು. ಬೆಲೆ ಸುಮಾರು 1,500ದಿಂದ 2,500 ರೂಪಾಯಿ. ಕಿತ್ತಳೆ, ದ್ರಾಕ್ಷಿ ಹಣ್ಣಿನ ಸಿಹಿ ಅಳೆಯಲೂ ಇದೇ ಬಳಕೆಯಲ್ಲಿದೆ. ಯೀಸ್ಟ್ ಹಾಕುವ ಮೊದಲು ಇದರಷ್ಟು ಸುಲಭ ಬೇರೆ ಇಲ್ಲ.

ಹುದುಗು ಶುರುವಾದ ಮೇಲೆ ಕಥೆ ಬೇರೆ. ಆಲ್ಕೋಹಾಲ್ ಬೆಳಕನ್ನು ಬಾಗಿಸುವುದರಿಂದ ಓದು ತಪ್ಪುತ್ತದೆ. 12 ಬ್ರಿಕ್ಸ್‌ನಿಂದ (ಇದರ ಸಕ್ಕರೆಯ ಅಳತೆ, ಹೆಚ್ಚುಕಡಿಮೆ ನೂರು ಗ್ರಾಂನಲ್ಲಿ ಎಷ್ಟು ಗ್ರಾಂ ಸಕ್ಕರೆ ಎಂದು) ಶುರುವಾದ ಬಿಯರ್ ಪೂರ್ತಿ ಮುಗಿದ ಮೇಲೂ 6ರ ಹತ್ತಿರ ತೋರಿಸುತ್ತದೆ. ಇದು ಗೊತ್ತಿಲ್ಲದವರು ಅರ್ಧವೇ ಆಗಿದೆ ಎಂದು ಹೆದರಿ ಮತ್ತೆ ಯೀಸ್ಟ್ ಹಾಕುತ್ತಾರೆ. ಸರಿಪಡಿಸುವ ಲೆಕ್ಕದ ಪಟ್ಟಿಗಳಿವೆ, ಆದರೆ ಅವು ಅಂದಾಜು ಕೊಡುತ್ತವೆ ಅಷ್ಟೇ. ಹಾಗಿದ್ದರೂ ಓದು ಬದಲಾಗುತ್ತಿದೆಯಾ ಇಲ್ಲವಾ ಎಂದು ತಿಳಿಯಲು ಇದು ಸಾಕು. ಹಾಗಾಗಿ ಇದನ್ನು ಹೈಡ್ರೋಮೀಟರ್‌ನ ಜೊತೆಗೆ ಇಟ್ಟುಕೊಳ್ಳುವವರಿಗೆ ಲಾಭ ಇದೆ: ನಡುವೆ ಎರಡು ಮೂರು ಸಲ ಹನಿಯಲ್ಲಿ ನೋಡಿ, ಕೊನೆಗೆ ಒಮ್ಮೆ ಹೈಡ್ರೋಮೀಟರ್‌ನಲ್ಲಿ ಖಚಿತ ಮಾಡಿಕೊಳ್ಳಬಹುದು. ಒಂದೇ ಸಾಧನಕ್ಕೆ ದುಡ್ಡಿದ್ದರೆ ಇದು ಬೇಡ.

ತಕ್ಕಡಿ

ಇದನ್ನು ಯಾರೂ ಕೇಳುವುದಿಲ್ಲ. 5 ಲೀಟರ್ ಜಾರ್‌ನಲ್ಲಿ ಮಾಡುವವರಿಗೆ ಮಾತ್ರ ನಾನು ಮೊದಲು ಹೇಳುವುದೇ ಇದನ್ನು.

ಯೀಸ್ಟ್ ಸಕ್ಕರೆಯನ್ನು ತಿಂದು ಹೆಚ್ಚುಕಡಿಮೆ ಅರ್ಧ ತೂಕ ಆಲ್ಕೋಹಾಲ್, ಅರ್ಧ ತೂಕ ಇಂಗಾಲದ ಡೈಆಕ್ಸೈಡ್ ಮಾಡುತ್ತದೆ. ಆಲ್ಕೋಹಾಲ್ ಒಳಗೇ ಉಳಿಯುತ್ತದೆ, ಅನಿಲ ಏರ್‌ಲಾಕ್‌ನಿಂದ ಹೊರಗೆ ಹೋಗುತ್ತದೆ. ಅಂದರೆ ಜಾರ್ ದಿನದಿಂದ ದಿನಕ್ಕೆ ಹಗುರವಾಗುತ್ತದೆ. ಅಂದಾಜು ಹೀಗಿದೆ: ಲೀಟರಿಗೆ ಒಂದು ಗ್ರಾಂ ತೂಕ ಇಳಿದರೆ ಗ್ರ್ಯಾವಿಟಿ 0.001 ಇಳಿದಂತೆ. 1.048ರಿಂದ ಶುರುವಾದ 5 ಲೀಟರ್ ಬಿಯರ್ ಮುಗಿಯುವಷ್ಟರಲ್ಲಿ ಸುಮಾರು 180 ಗ್ರಾಂ ಕಳೆದುಕೊಳ್ಳುತ್ತದೆ. ಒಂದೊಂದು ಗ್ರಾಂ ತೋರಿಸುವ, 10 ಕಿಲೋ ತಡೆಯುವ ಅಡುಗೆಮನೆಯ ತಕ್ಕಡಿ ಇದ್ದರೆ ಸಾಕು, ಅದು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ. ಮುಚ್ಚಳ ತೆಗೆಯಬೇಕಾಗಿಲ್ಲ, ಒಂದು ಹನಿಯೂ ಹಾಳಾಗುವುದಿಲ್ಲ. ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ದಿನಾ ತೂಕ ಬರೆಯುತ್ತಾ ಹೋಗಿ. ನಮ್ಮ ಮನೆಯ ಹಾಲಿನ ಲೆಕ್ಕದ ಪಕ್ಕದಲ್ಲೇ ಅದು ಇರುತ್ತದೆ: 6,214, 6,171, 6,130, ಆಮೇಲೆ ನಿಧಾನ, 6,052, 6,049, 6,048, 6,048.

ಏರ್‌ಲಾಕ್‌ನ ನೀರು ಆರಿದರೂ ಒಂದೆರಡು ಗ್ರಾಂ ವ್ಯತ್ಯಾಸ ಬರುತ್ತದೆ, ಅದಕ್ಕೆ ಗಾಬರಿ ಬೇಡ. 20 ಲೀಟರ್ ಕ್ಯಾನ್‌ಗೆ ಈ ದಾರಿ ಆಗುವುದಿಲ್ಲ. ಕಾಫಿ ಚೀಲ ತೂಗುವ ತಕ್ಕಡಿ 50 ಗ್ರಾಂನ ಹೆಜ್ಜೆಯಲ್ಲಿ ತೋರಿಸುತ್ತದೆ. ಅಷ್ಟರಲ್ಲಿ ಗ್ರ್ಯಾವಿಟಿ 0.002ಕ್ಕಿಂತ ಜಾಸ್ತಿ ಇಳಿದಿರುತ್ತದೆ. ಅಷ್ಟು ಒರಟು ಅಳತೆ ನಮಗೆ ಸಾಲದು.

ಫೋನಿಗೆ ಲೆಕ್ಕ ಕಳಿಸುವ ತೇಲುಗ

ಟಿಲ್ಟ್, ರಾಪ್ಟ್ ಪಿಲ್ ಎಂಬ ಹೆಸರಿನಲ್ಲಿ ಬರುತ್ತವೆ. ಬಿಯರ್ ಒಳಗೇ ತೇಲುತ್ತಾ, ತಾನು ಎಷ್ಟು ವಾಲಿದ್ದೇನೆ ಎಂಬುದರಿಂದ ಗ್ರ್ಯಾವಿಟಿ ಲೆಕ್ಕ ಹಾಕಿ, ತಾಪದ ಜೊತೆಗೆ ಕಳಿಸುತ್ತವೆ. ಹೊರದೇಶದಿಂದ ತರಿಸಿದರೆ ಹತ್ತು ಸಾವಿರ ದಾಟುವುದೂ ಇದೆ. ನೊರೆ, ಹಾಪ್ಸ್ ಅಂಟಿಕೊಂಡರೆ ಒಂದೆರಡು ಅಂಕೆ ತಪ್ಪುತ್ತದೆ, ಹಾಗಾಗಿ ಕೊನೆಯ ಅಂಕೆಗೆ ಹೈಡ್ರೋಮೀಟರ್ ಬೇಕೇ ಬೇಕು. ಆದರೆ ಇಳಿತದ ಗೆರೆ ಚಪ್ಪಟೆಯಾಯಿತಾ ಎಂಬುದನ್ನು ಇದರಷ್ಟು ಚೆನ್ನಾಗಿ ಬೇರೆ ಯಾವುದೂ ತೋರಿಸುವುದಿಲ್ಲ. ತೋಟ ಇಲ್ಲಿ, ಕೆಲಸ ಬೆಂಗಳೂರಿನಲ್ಲಿ ಎನ್ನುವವರಿಗೆ ಇದು ಸರಿ. ಅದಕ್ಕೆ ಹಳೆಯ ಫೋನ್ ಅಥವಾ ವೈಫೈ ಪಕ್ಕದಲ್ಲೇ ಇರಬೇಕು. ಮಳೆಗಾಲದಲ್ಲಿ ನಾಲ್ಕು ದಿನ ಕರೆಂಟ್ ಇಲ್ಲದ ಮನೆಯಾದರೆ ಆ ದುಡ್ಡನ್ನು ಬೇರೆಯದಕ್ಕೆ ಇಡಿ.

ಬೆಚ್ಚಗೆ ಮಾಡಿ, ಆಮೇಲೆ ಅಳೆಯಿರಿ

ಯಾವ ಸಾಧನ ಆರಿಸಿದರೂ ಕೊಡಗಿನಲ್ಲಿ ಈ ಹೆಜ್ಜೆ ಬಿಡಬೇಡಿ. ಚಳಿಯಲ್ಲಿ ಮಲಗಿದ ಯೀಸ್ಟ್‌ನ ಬಿಯರ್ ಎರಡು ದಿನ ಅಲ್ಲ, ಹತ್ತು ದಿನವೂ ಒಂದೇ ಓದು ತೋರಿಸುತ್ತದೆ. ಆದ್ದರಿಂದ ಮೊದಲು ಕ್ಯಾನ್ ಅನ್ನು 20ರಿಂದ 22 ಡಿಗ್ರಿಗೆ ತನ್ನಿ, ಮೂರು ದಿನ ಹಾಗೇ ಇಡಿ. ಅಡುಗೆಮನೆಯಲ್ಲಿ ಒಲೆಯಿಂದ ನಾಲ್ಕು ಅಡಿ ದೂರದ ಮೂಲೆ ಸಾಕಾಗುತ್ತದೆ. ಇಲ್ಲದಿದ್ದರೆ ನೀರಿನ ಟಬ್‌ನಲ್ಲಿ ಕ್ಯಾನ್ ಇಟ್ಟು ಮೀನಿನ ತೊಟ್ಟಿಗೆ ಹಾಕುವ ಹೀಟರ್ ಬಿಡಿ. ಕಂಬಳಿ ಹೊದಿಸುವುದರಿಂದ ಮೊದಲ ವಾರ ಉಪಯೋಗ ಇದೆ, ಆಗ ಯೀಸ್ಟ್ ತಾನೇ ಶಾಖ ಬಿಡುತ್ತಿರುತ್ತದೆ. ಕೊನೆಯಲ್ಲಿ ಅದು ತಣ್ಣಗಾಗಿರುವುದರಿಂದ ಬರಿ ಕಂಬಳಿಗೆ ಮಾಡಲು ಏನೂ ಇರುವುದಿಲ್ಲ. ಕ್ಯಾನ್ ಅನ್ನು ಮೆಲ್ಲಗೆ ಒಮ್ಮೆ ತಿರುಗಿಸಿ, ತಳದ ಗಸಿ ಸ್ವಲ್ಪ ಏಳಲಿ. ಆಮೇಲೆ ಅಳೆಯಿರಿ, ಮೂರು ದಿನ ಬಿಟ್ಟು ಮತ್ತೆ ಅಳೆಯಿರಿ.

ನಿಮ್ಮ ಬಿಯರ್ ಎಷ್ಟಕ್ಕೆ ನಿಲ್ಲಬೇಕು ಎಂಬುದು ಮೊದಲೇ ತಿಳಿಯಬೇಕಾ? ಯೀಸ್ಟ್ ಹಾಕಿದ ದಿನ ಒಂದು ಬಾಟಲಿಯಷ್ಟು ಬೇರೆ ತೆಗೆದಿಡಿ. ಅದಕ್ಕೆ ಒಂದು ಚಿಟಿಕೆ ಯೀಸ್ಟ್ ಜಾಸ್ತಿ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ, ಒಲೆಯ ಹತ್ತಿರ 25 ಡಿಗ್ರಿಯ ಆಸುಪಾಸಿನಲ್ಲಿ ಇಟ್ಟು ಆಗಾಗ ಅಲ್ಲಾಡಿಸಿ. ಮೂರು ನಾಲ್ಕು ದಿನಕ್ಕೆ ಅದು ಮುಗಿಯುತ್ತದೆ. ಅದನ್ನು ಅಳೆದರೆ ಬರುವ ಅಂಕೆಯೇ ನಿಮ್ಮ ಗುರಿ. ಕ್ಯಾನ್ ಅದಕ್ಕಿಂತ ಮೇಲೆ ನಿಂತಿದ್ದರೆ ಅದು ಮಲಗಿದೆ, ಮುಗಿದಿಲ್ಲ.

ಇಷ್ಟು ಕಾಳಜಿ ಯಾಕೆ ಎಂದರೆ ಲೆಕ್ಕ ಹೀಗಿದೆ. ಬಾಟಲಿಯೊಳಗೆ ಗ್ರ್ಯಾವಿಟಿ 0.002 ಇಳಿದರೆ ಲೀಟರ್ ಬಿಯರ್‌ಗೆ ಸುಮಾರು ಒಂದು ಲೀಟರ್ ಅನಿಲ ಹುಟ್ಟುತ್ತದೆ. ಸಾಧಾರಣ ಬಿಯರ್‌ನಲ್ಲಿ ಎರಡೂವರೆ ಲೀಟರ್ ಇರುತ್ತದೆ, ಅದಕ್ಕೆಂದೇ ನಾವು ತುಂಬುವಾಗ ಲೀಟರಿಗೆ 6, 7 ಗ್ರಾಂ ಸಕ್ಕರೆ ಹಾಕುತ್ತೇವೆ. 1.011ಕ್ಕೆ ನಿಲ್ಲಬೇಕಾದದ್ದನ್ನು 1.018ರಲ್ಲಿ ತುಂಬಿದರೆ ಅದರ ಮೇಲೆ ಇನ್ನೂ ಮೂರೂವರೆ ಲೀಟರ್ ಸೇರುತ್ತದೆ. ಸಾದಾ ಬಾಟಲಿ ಅದನ್ನು ತಡೆಯುವುದಿಲ್ಲ.

ಯಾರಿಗೆ ಯಾವುದು

ಮೊದಲ ಸಲ 5 ಲೀಟರ್ ಮಾಡುತ್ತಿದ್ದೀರಿ, ದುಡ್ಡು ಜಾಸ್ತಿ ಹಾಕುವುದಿಲ್ಲ ಅಂದರೆ ತಕ್ಕಡಿ ಸಾಕು. ಆದರೆ ಹೈಡ್ರೋಮೀಟರ್‌ಗೆ ಐನೂರು ರೂಪಾಯಿ ಇದ್ದರೆ ಬಾಟಲಿಗೆ ತುಂಬುವ ದಿನ ಒಮ್ಮೆ ಅಳೆಯಲು ಅದೂ ಇರಲಿ. 20 ಲೀಟರ್‌ನವರಿಗೆ ಹೈಡ್ರೋಮೀಟರ್ ಬಿಟ್ಟು ಬೇರೆ ಬೇಡ. ತಿಂಗಳಿಗೆ ಎರಡು ಮೂರು ಸಲ ಮಾಡುವವರು ರಿಫ್ರ್ಯಾಕ್ಟೋಮೀಟರ್ ಸೇರಿಸಿಕೊಳ್ಳಲಿ.

ಪುತ್ತರಿಗೆಂದು ಭರಣಿಯಲ್ಲಿ ದ್ರಾಕ್ಷಿ, ನೆಲ್ಲಿ, ಪ್ಯಾಶನ್ ಫ್ರೂಟ್ ವೈನ್ ಹಾಕುವವರೂ ಕೇಳುತ್ತಾರೆ. ವೈನ್‌ಗೂ ಹೈಡ್ರೋಮೀಟರ್ ಸರಿ, ಆದರೆ ಗುರಿ ಬೇರೆ. 1.090ರಿಂದ ಶುರುವಾದ ವೈನ್ ಪೂರ್ತಿ ಮುಗಿದರೆ ನೀರಿಗಿಂತ ಹಗುರವಾಗಿ 0.995ರ ಹತ್ತಿರ ಬರುತ್ತದೆ. ಸಿಹಿ ಇರಲಿ ಎಂದು ಕೊನೆಗೆ ಸಕ್ಕರೆಯನ್ನೋ ಜೇನನ್ನೋ ಸೇರಿಸುವ ರೂಢಿ ನಮ್ಮಲ್ಲಿ ಇದೆ. ಸೇರಿಸಿದರೆ ಹುದುಗು ಮತ್ತೆ ಶುರುವಾಗಬಹುದು. ಅಂಥದ್ದಕ್ಕೆ ಬಿರಟೆ ಬಿಗಿಯುವ ಮೊದಲು ಇನ್ನೊಂದು ತಿಂಗಳು ಏರ್‌ಲಾಕ್ ಕೆಳಗೇ ಇರಲಿ, ತೂಕ ಅಥವಾ ಗ್ರ್ಯಾವಿಟಿ ಬರೆಯುತ್ತಾ ಇರಿ. ಸೇಸಾನ್ ಎಂಬ ಬಗೆಯ ಬಿಯರ್ ಯೀಸ್ಟ್ ಕೂಡ ಕೊನೆಯಲ್ಲಿ ಬಹಳ ನಿಧಾನ, ಅದಕ್ಕೆ ಎರಡು ಅಳತೆಗಳ ನಡುವೆ ಹತ್ತು ದಿನ ಬಿಡಿ.

ಪರವಾನಗಿಯ ವಿಷಯ ಬೇರೆಯೇ ಇದೆ. 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಮದ್ಯ ತಯಾರಿಸಲು ಪರವಾನಗಿ ಬೇಕು. ಶುರು ಮಾಡುವ ಮೊದಲೇ ಅಬಕಾರಿ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ.

ಅಳೆದ ಮೇಲೂ ಒಂದು ಕಾವಲು ಇಟ್ಟುಕೊಳ್ಳಿ. ತುಂಬುವ ದಿನ ಒಂದು ಬಾಟಲಿ ಮಾತ್ರ ಸೋಡಾದ ಪ್ಲಾಸ್ಟಿಕ್ ಬಾಟಲಿ ಇರಲಿ, ಉಳಿದವು ಗಾಜು. ಎಲ್ಲವನ್ನೂ ಒಂದೇ ಕಡೆ, ಮುಚ್ಚಳವಿರುವ ಪೆಟ್ಟಿಗೆಯೊಳಗೆ ಇಡಿ. ವಾರಕ್ಕೊಮ್ಮೆ ಆ ಪ್ಲಾಸ್ಟಿಕ್ ಬಾಟಲಿಯನ್ನು ಒತ್ತಿ ನೋಡಿ. ಅಂಗಡಿಯಿಂದ ತಂದ ಸೋಡಾದಷ್ಟು ಗಟ್ಟಿ ಇದ್ದರೆ ಸರಿ. ಕಲ್ಲಿನ ಹಾಗಾಗಿ ತಳ ಉಬ್ಬಿದ್ದರೆ ಗಾಜಿನ ಬಾಟಲಿಗಳೂ ಅದೇ ಸ್ಥಿತಿಯಲ್ಲಿವೆ. ದಪ್ಪ ಜಾಕೆಟ್, ಕನ್ನಡಕ, ಕೈಗವಸು ಹಾಕಿ. ಬಾಟಲಿಗಳಿಗೆ ಒದ್ದೆ ಟವೆಲ್ ಸುತ್ತಿ ಒಂದೊಂದಾಗಿ ಫ್ರಿಜ್‌ಗೆ ಸೇರಿಸಿ. ಪೂರ್ತಿ ತಣ್ಣಗಾದ ಮೇಲೆ, ಮಾರನೆಯ ದಿನ, ಟವೆಲ್ ಬಿಡಿಸದೆ ಮುಚ್ಚಳವನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸಿ.